ಏಕಾಂತಪ್ಪನ ಲೂನಾ ಎಷ್ಟು ಕೊಡುತ್ತದೆ?

ಕೊಟ್ಟೂರಿನಲ್ಲಿ ಹಗ್ಗದ ಅಂಗಡಿ ಇಟ್ಟಿದ್ದ ಏಕಾಂತಪ್ಪನ ಲೂನಾಗೆ ಎಂಜಿನ್ ಇದೆ ಎಂಬುದು ಊರಿಗೆಲ್ಲ ಗೊತ್ತಿತ್ತು. ಅದು ಊರ ಹೊರಗೂ ಓಡುತ್ತದೆಯೇ ಎಂಬುದು ಮಾತ್ರ ಅವನ ಹೆಂಡತಿ ಎರ್ರೆಮ್ಮನಿಗೂ ಖಾತ್ರಿ ಇರಲಿಲ್ಲ. ಪೆಟ್ರೋಲ್ ದರ ಏರಿದಾಗಲೆಲ್ಲ ಜನ ಸರ್ಕಾರವನ್ನು ಬೈದು ಸುಮ್ಮನಾದರೆ, ಏಕಾಂತಪ್ಪ ಬೈಯುವುದರಲ್ಲಿ ಹೊತ್ತು ಕಳೆಯದೆ ಪೆಡಲ್ ತುಳಿಯುತ್ತಿದ್ದ. ಪುಣ್ಯಕ್ಕೆ ಆ ಗಾಡಿಗೆ ಸೈಕಲ್ಲಿನ ಹಾಗೆ ಪೆಡಲ್ ಇದ್ದವು. ಎಂಜಿನ್ ಇರುವುದು ನಾಲ್ಕು ಜನ ನೋಡಲಿಕ್ಕೆ, ಕಾಲು ಇರುವುದು ಊರು ಮುಟ್ಟಲಿಕ್ಕೆ ಎಂಬುದು ಅವನ ಸಿದ್ಧಾಂತ. ಜನ ಕಂಡರೆ ಎಂಜಿನ್ ಶುರು, ಮರೆಯಾದರೆ ಬಂದ್. ಜಿಪುಣ ಅನ್ನೋಣವೆಂದರೆ ಅದೂ ಅಲ್ಲ. ಅಂಗಡಿಗೆ ಬಂದವರಿಗೆಲ್ಲ ಚಹಾ ತರಿಸುತ್ತಿದ್ದ. ಪೆಟ್ರೋಲ್ ಒಂದರ ಮೇಲೆ ಮಾತ್ರ ಅವನಿಗೆ ಹಟ.

ಎರ್ರೆಮ್ಮನ ತವರು ಹಗರಿಬೊಮ್ಮನಹಳ್ಳಿ. ಅಲ್ಲಿ ತಮ್ಮ ಯರ್ರಿಸ್ವಾಮಿ ಹೊಸ ಬೈಕ್ ತಂದಾಗಿನಿಂದ ಅವನ ಹೆಂಡತಿ ಭರಮಮ್ಮ, ಬಸ್ಸಿಳಿದು ಬೆವರೊರೆಸಿಕೊಳ್ಳುತ್ತ ಬರುವ ತನ್ನನ್ನು ಕಂಡು ಒಳಗೊಳಗೇ ನಗುತ್ತಾಳೆಂದು ಎರ್ರೆಮ್ಮನ ಸಂಕಟ. ಹೀಗಾಗಿ ಆ ಮನೆಯ ಕೂಸಿನ ತೊಟ್ಟಿಲ ಕಾರ್ಯಕ್ಕೆ, ಈ ಸಲ ನಮ್ಮ ಗಾಡಿ ಮೇಲೇ ಬರುತ್ತೇವೆ ಎಂದು ಮೊದಲೇ ಹೇಳಿ ಕಳಿಸಿಬಿಟ್ಟಳು. ತವರಿನ ಓಣಿಯಲ್ಲಾದರೂ ಎಂಜಿನ್ ಸಪ್ಪಳ ಮಾಡಿಕೊಂಡೇ ಹೋಗಬೇಕೆಂದು ಗಂಡನಿಂದ ಮಾತು ತೆಗೆದುಕೊಂಡಳು.

ಕೊಟ್ಟ ಮಾತಿಗೆ ತಪ್ಪುವವನಲ್ಲ ಏಕಾಂತಪ್ಪ. ಓಣಿಗೆ ಸಾಕಾಗುವಷ್ಟು ಪೆಟ್ರೋಲ್ ಇದೆ ಎಂದು ಗಾಡಿ ಅಲುಗಾಡಿಸಿ, ಟ್ಯಾಂಕಿಗೆ ಕಿವಿಗೊಟ್ಟು ಖಾತ್ರಿ ಮಾಡಿಕೊಂಡ. ಬಂಕ್ ಮುಂದೆ ಹಾಯುವಾಗ ಎರ್ರೆಮ್ಮ ಬೆನ್ನಿಗೆ ತಿವಿದರೂ ನಿಲ್ಲಿಸಲಿಲ್ಲ. ಆದರೆ ಅವತ್ತು ಸಂತೆಯ ದಿನ ಎಂಬುದನ್ನು ಮರೆತಿದ್ದ. ದಾರಿಯುದ್ದಕ್ಕೂ ಎತ್ತಿನ ಬಂಡಿಗಳು, ಬಂಡಿಗಳಲ್ಲಿ ಅವನ ಅಂಗಡಿಯಲ್ಲೇ ಹಗ್ಗ, ಮೂಗುದಾರ ಕೊಳ್ಳುವ ಗಿರಾಕಿಗಳು. ಅವರ ಮುಂದೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಪೆಡಲ್ ತುಳಿಯುವುದೆಂದರೆ ಮರ್ಯಾದೆಯ ಪ್ರಶ್ನೆ. ಬಂಡಿ ಕಂಡಾಗಲೆಲ್ಲ ಎಂಜಿನ್ ಶುರು ಮಾಡಿದ, ಕೈ ಎತ್ತಿ ಶರಣು ಅಂದ. ಕಂಡಕಂಡವರ ಮುಂದೆಲ್ಲ ಹೀಗೆ ಮರ್ಯಾದೆ ಉಳಿಸಿಕೊಳ್ಳುತ್ತ ಹೋಗಿ, ತವರಿನ ಓಣಿ ಕಾಣುವ ಹೊತ್ತಿಗೆ ಪೆಟ್ರೋಲ್ ಮುಗಿದು ಗಾಡಿ ಕೆಮ್ಮಿ ನಿಂತಿತು.

ಮನೆಯ ಬಾಗಿಲಲ್ಲಿ ಹೆಂಗಸರು ನೆರೆದಿದ್ದರು. ಇಳಿದು ತಳ್ಳೋಣ ಎಂದ ಏಕಾಂತಪ್ಪ. ಎರ್ರೆಮ್ಮನಿಗೆ ಅಳುವೇ ಬಂತು. ಆದರೂ ಇಳಿಯಲಿಲ್ಲ. ಸೆರಗು ಸರಿ ಮಾಡಿಕೊಂಡು ಅವನ ಕಿವಿಯಲ್ಲಿ ಹೇಳಿದಳು:

“ತುಳೀರಿ. ಬಾಯಿಲೇ ಆದ್ರೂ ಸಪ್ಪಳ ಮಾಡ್ರಿ.”

ಆ ಹೊತ್ತಿನಲ್ಲಿ ಹೆಂಡತಿಯ ಮಾತು ಮೀರುವ ಧೈರ್ಯ ಯಾವ ಗಂಡನಿಗಿದ್ದೀತು? ಏಕಾಂತಪ್ಪ ಡುರ್ರ್ ಎನ್ನುತ್ತ ಓಣಿಯುದ್ದ ತುಳಿದ. ಉಸಿರು ಕಟ್ಟಿದಲ್ಲಿ ಸಪ್ಪಳ ನಿಲ್ಲುತ್ತಿತ್ತು, ಉಸಿರು ಎಳೆದುಕೊಂಡ ಮೇಲೆ ಮತ್ತೆ ಶುರುವಾಗುತ್ತಿತ್ತು. ಹೊರಗೆ ಬಂದ ಯರ್ರಿಸ್ವಾಮಿ ಗಾಡಿಯನ್ನೂ ಅಕ್ಕನ ಗಂಡನ ಮುಖವನ್ನೂ ನೋಡಿ, ನಗು ತಡೆದುಕೊಂಡು ಕೇಳಿದ:

“ಗಾಡಿ ಎಷ್ಟು ಕೊಡತೈತಿ ಮಾವ?”

ಏಕಾಂತಪ್ಪ ಹ್ಯಾಂಡಲ್ ಮೇಲೆ ಬಾಗಿ ಏದುಸಿರು ಬಿಡುತ್ತಿದ್ದ. ಭರಮಮ್ಮ ಆಗಲೇ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಅವಳು ನಗುವ ತನಕ ಕಾಯುವುದು ಎರ್ರೆಮ್ಮನಿಗೆ ಬೇಡವೆನಿಸಿತು.

“ಆರು ರೊಟ್ಟಿಗೆ ಕೊಟ್ಟೂರಿಂದ ಇಲ್ಲಿತನಕ ಕೊಡತೈತಿ ನೋಡಪ,” ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತಾನೇ ಮೊದಲು ನಕ್ಕಳು.

ಓಣಿಗೆ ಓಣಿಯೇ ಬಿದ್ದು ಬಿದ್ದು ನಕ್ಕಿತು. ಭರಮಮ್ಮನಂತೂ ಕಣ್ಣೊರೆಸಿಕೊಳ್ಳುತ್ತ ಬಂದು ಎರ್ರೆಮ್ಮನ ಕೈ ಹಿಡಿದು ಒಳಗೆ ಕರೆದೊಯ್ದಳು. ಎದೆಯ ಭಾರ ಇಳಿದ ಎರ್ರೆಮ್ಮ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ. ಎಲ್ಲರ ಊಟ ಮುಗಿಯುತ್ತ ಬಂದಾಗ ರೊಟ್ಟಿಯ ಬುಟ್ಟಿ ಹಿಡಿದು ನಿಂತ ಭರಮಮ್ಮ, ತಿರುಗಿ ಊರು ಮುಟ್ಟಲು ಎಷ್ಟು ಬೇಕಾದೀತು ಅಣ್ಣ ಎಂದು ಕೇಳಿದಳು. ಏಕಾಂತಪ್ಪ ನಗಲಿಲ್ಲ. ಹೆಂಡತಿಯನ್ನೊಮ್ಮೆ ನೋಡಿ, ಲೆಕ್ಕ ಹಾಕಿ ಹೇಳಿದ:

“ಎಂಟು ಹಾಕವ್ವ. ನಿಮ್ಮನಿ ಹೋಳಿಗಿ ಉಂಡು ಅಕಿನೂ ಭಾರ ಆಗ್ಯಾಳ.”