ತುಂಗಕ್ಕ ಬಿಗಿಯಾಗಿ ಅಂಟಿಸಿದ ಟೇಪು

ತುಂಗಕ್ಕ ಸಾಗರದ ಪೇಟೆಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಾಳೆ. ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೆ ಅವಳಿಗೆ ಮೈಮೇಲೆ ಇರುವೆ ಹರಿದಂತಾಗುತ್ತದೆ. ಪಕ್ಕದ ಮನೆಯವಳಾದ ನನ್ನನ್ನು ಬೀದಿಯಲ್ಲೇ ನಿಲ್ಲಿಸಿ ಸೀರೆಯ ನೆರಿಗೆ ಸರಿಮಾಡಿದ್ದುಂಟು. ನನಗೆ ಸಿಟ್ಟು ಬರುತ್ತಿತ್ತು, ಅವಳಿಗೆ ಅದರ ಪರಿವೆಯೇ ಇರುತ್ತಿರಲಿಲ್ಲ.

ಗಂಡ ಪೂರ್ಣೇಶಣ್ಣ ತೀರ್ಥಹಳ್ಳಿ ಕಡೆಯವರು, ಐಟಿಐಯಲ್ಲಿ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗಿದ್ದ ಹುಚ್ಚು ಒಂದೇ, ವಿಮಾನ. ಹಗುರ ಮರದ ಚಕ್ಕೆಗಳಲ್ಲಿ ಎರಡು ಮೊಳದ ವಿಮಾನ ಕಟ್ಟಿ, ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಲಾಂಚ್ ಹತ್ತುವ ಹೊಳೆಬಾಗಿಲಿನ ಈಚೆಯ ಬಯಲಲ್ಲಿ ರಿಮೋಟ್ ಹಿಡಿದು ಹಾರಿಸುತ್ತಿದ್ದರು. ಈ ವಯಸ್ಸಿನಲ್ಲಿ ಮಕ್ಕಳಾಟ ಎಂದು ನಾನೇ ಎಷ್ಟೋ ಸಲ ನಕ್ಕಿದ್ದೇನೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡು ವರ್ಷದ ಹಿಂದೆ ಅವರ ಬಲಗೈ ನಡುಗಲು ಶುರುವಾಯಿತು. ಇದು ಹೆಚ್ಚುತ್ತಲೇ ಹೋಗುತ್ತದೆ ಎಂದರು ಡಾಕ್ಟರು. ಆಗ ಹೊಸ ವಿಮಾನವೊಂದು ಮುಗಿಯುವ ಹಂತದಲ್ಲಿತ್ತು.

"ಇದೊಂದು ಸರಿಯಾಗಿ ಇಳಿಸಿದ್ರೆ ಇನ್ನೂ ಸ್ವಲ್ಪ ಕಾಲ ಹಾರಿಸ್ತೀನಿ ಮಾರಾಯ್ತಿ. ಇಲ್ಲಾಂದ್ರೆ ಕೈ ಹೋಯ್ತು ಅಂತ್ಲೇ ಲೆಕ್ಕ" ಎಂದು ಹೆಂಡತಿಗೆ ಹೇಳಿದ್ದರು.

ಬಾಕಿಯಿದ್ದದ್ದು ಒಂದೇ ಕೆಲಸ. ವಿಮಾನದ ಬಾಲದಲ್ಲಿ ಮೇಲೆ ಕೆಳಗೆ ಆಡುವ ಪಟ್ಟಿಯೊಂದಿರುತ್ತದೆ, ಮೂತಿಯನ್ನು ಎತ್ತುವುದೂ ಇಳಿಸುವುದೂ ಅದೇ. ಅದರ ಕೀಲಿನ ಸಂದಿಯಲ್ಲಿ ಗಾಳಿ ನುಸುಳಿದರೆ ಪಟ್ಟಿಗೆ ಬಲ ಸಾಲದು. ಹಾಗಾಗಿ ಅಡಿಯಿಂದ ತೆಳು ಟೇಪು ಅಂಟಿಸಿ ಸಂದಿ ಮುಚ್ಚಬೇಕು. ಮೂರು ಸಲ ಅಂಟಿಸಲು ಹೋಗಿ, ಮೂರು ಸಲವೂ ಟೇಪು ಮುದುಡಿಕೊಂಡು, ಪೂರ್ಣೇಶಣ್ಣ ಎದ್ದು ಹೋಗಿ ಮಲಗಿಬಿಟ್ಟರು. ತುಂಗಕ್ಕ ಟೇಪಿನ ಸುರುಳಿ ಕೈಗೆತ್ತಿಕೊಂಡಳು. ತಾನೇ ಕೂತು, ಪಟ್ಟಿಯನ್ನು ನೆಟ್ಟಗಿಟ್ಟು, ಒಂದೂ ಸುಕ್ಕಿಲ್ಲದಂತೆ ಬಿಗಿಯಾಗಿ ಎಳೆದು ಅಂಟಿಸಿದಳು. ಎದ್ದು ಬಂದ ಗಂಡ ಬೆರಳಲ್ಲಿ ಸವರಿ ನೋಡಿ, ಚೊಕ್ಕ ಆಗಿದೆ ಎಂದರು.

ಮರುದಿನ ಬಯಲಲ್ಲಿ ರಿಮೋಟಿನ ಕಡ್ಡಿ ಎಳೆದು, "ಪಟ್ಟಿ ಮೇಲೆ ಬಂತಾ?" ಎಂದು ಕೇಳಿದರು. ಬಾಲದ ಹತ್ತಿರ ನಿಂತಿದ್ದ ತುಂಗಕ್ಕ "ಬಂತು" ಎಂದಳು. ಬಂದದ್ದು ಹೌದು, ಎಷ್ಟು ಬರಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

ವಿಮಾನ ಚೆನ್ನಾಗಿಯೇ ಹಾರಿತು. ಇಳಿಯುವಾಗ ಮಾತ್ರ, ವೇಗ ತಗ್ಗಿ ಪಟ್ಟಿ ಪೂರ್ತಿ ಮೇಲೇಳಬೇಕಾದ ಹೊತ್ತಿಗೆ, ಮೂತಿ ಏಳಲೇ ಇಲ್ಲ, ನೆಲಕ್ಕೆ ಕುಟ್ಟಿ ಎರಡು ಹೋಳಾಯಿತು. ಪೂರ್ಣೇಶಣ್ಣ ತಮ್ಮ ಬಲಗೈಯನ್ನೇ ನೋಡುತ್ತಾ ನಿಂತರು.

"ಎಳ್ದೆ ಅನ್ಕಂಡೆ. ಕೈ ಎಳೀಲೇ ಇಲ್ಲ" ಎಂದರು.

ಮನೆಗೆ ಬಂದವರೇ ಎಲ್ಲವನ್ನೂ ಬಚ್ಚಲೊಲೆಗೆ ಹಾಕಲು ಹೇಳಿದರು. ಒಲೆಯ ಮುಂದೆ ಕೂತ ತುಂಗಕ್ಕ ಬಾಲವನ್ನು ಮುರಿಯುವ ಮೊದಲು ಪಟ್ಟಿಯನ್ನು ಮೇಲಕ್ಕೆ ಮಡಿಸಿದಳು. ಅರ್ಧಕ್ಕೇ ನಿಂತಿತು. ಅಡಿಯ ಟೇಪು ಎಳೆದು ಹಿಡಿದಿತ್ತು. ಪಟ್ಟಿಯನ್ನು ಪೂರ್ತಿ ಮೇಲಕ್ಕೆತ್ತಿ ಹಿಡಿದು, ಟೇಪಿಗೆ ಸಡಿಲ ಬಿಟ್ಟು ಅಂಟಿಸಬೇಕಿತ್ತು. ಗಂಡ ಪ್ರತಿಸಲವೂ ಹಾಗೆಯೇ ಮಾಡುತ್ತಿದ್ದುದು ಆಗ ಅವಳ ಕಣ್ಣಿಗೆ ಕಟ್ಟಿತು. ಹೆದರಿಕೆಯೋ ನಾಚಿಕೆಯೋ, ಬಾಲವನ್ನೂ ಬೆಂಕಿಗೆ ನೂಕಿ ಬಾಯಿ ಮುಚ್ಚಿಕೊಂಡಳು.

ಆಮೇಲೆ ಪೂರ್ಣೇಶಣ್ಣ ರಿಮೋಟ್ ಮುಟ್ಟಲಿಲ್ಲ. ಸ್ಕೂಟರ್ ಓಡಿಸುವುದು ಬಿಟ್ಟರು, ಸಹಿ ಹಾಕುವುದನ್ನೂ, ಕೊನೆಗೆ ತಾವೇ ಅನ್ನ ಕಲಸಿಕೊಳ್ಳುವುದನ್ನೂ ಬಿಟ್ಟರು. ಕೈ ಅಷ್ಟೇನೂ ಕೆಟ್ಟಿರಲಿಲ್ಲ, ಅದರ ಮೇಲಿನ ನಂಬಿಕೆ ಹೋಗಿತ್ತು. ಆರು ತಿಂಗಳು ಅದನ್ನು ನೋಡಿ ನೋಡಿ ಸಾಕಾಗಿ, ತುಂಗಕ್ಕ ಒಂದು ದಿನ ನನ್ನ ಮುಂದೆ ಎಲ್ಲ ಹೇಳಿ ಅತ್ತಳು.

"ಇಷ್ಟು ದಿನ ಎಂಥ ಮಾಡ್ತಿದ್ದೆ ಮಾರಾಯ್ತಿ? ಹೋಗಿ ಹೇಳು ಮೊದ್ಲು" ಎಂದು ಬೈದು ಕಳಿಸಿದೆ.

ಹೋಗಿ ಹೇಳಿದಳು. ಬಿಗಿ ಎಳೆದದ್ದು, ಬಚ್ಚಲೊಲೆಯ ಮುಂದೆ ನೋಡಿದ್ದು, ಒಂದನ್ನೂ ಬಿಡಲಿಲ್ಲ. ಗಂಡ ಬೈಯುತ್ತಾರೆಂದು ಕಾದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ನನ್ನ ಸಮಾಧಾನಕ್ಕೆ ಎಂಥ ಕಥೆ ಕಟ್ತೀಯ ತುಂಗಾ" ಎಂದರು ಅವರು. "ನಿನ್ನ ಕೈಕೆಲಸ ಯಾವತ್ತು ತಪ್ಪಿದೆ?"

ಆಣೆಯಿಟ್ಟು ಹೇಳಿದಳು. ನಂಬಲಿಲ್ಲ. ತೋರಿಸೋಣವೆಂದರೆ ಒಂದು ಚೂರೂ ಉಳಿದಿರಲಿಲ್ಲ. ಅಳಬೇಡ ಎಂದು ಅವಳ ಬೆನ್ನು ಸವರಿ, ತಟ್ಟೆಯ ಮುಂದೆ ಕೂತರು. ಅವತ್ತೂ ಅನ್ನ ಕಲಸಿಕೊಟ್ಟದ್ದು ಅವಳೇ.