ಕೈ ಮುಗಿಯಲು ಬಿಡದ ಬೆಳಕು

ಮುಸ್ಸಂಜೆ ದೀಪ ಹಾಕಿದ ಕೂಡಲೇ ಕೈ ಮುಗಿಯುವ ಅಭ್ಯಾಸ ಇರುವವರಿಗೆ ಮಾತ್ರ ಅರ್ಥವಾಗುವ ಒಂದು ಸಣ್ಣ ತೊಂದರೆಯನ್ನು ನಿಮ್ಮ ಮುಂದೆ ಇಡುತ್ತೇನೆ. ಈಗಿನ ಎಲ್‌ಇಡಿ ದೀಪಗಳು ಕೈ ಮುಗಿಯಲು ಸಮಯ ಕೊಡುವುದಿಲ್ಲ. ಸ್ವಿಚ್ಚಿನ ಮೇಲೆ ಬೆರಳು ಇನ್ನೂ ಇರುತ್ತದೆ, ಬೆಳಕು ಆಗಲೇ ಒಳಗೆ ನುಗ್ಗಿ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿರುತ್ತದೆ. ನಮ್ಮ ಟ್ಯೂಬ್‌ಲೈಟ್ ಹಾಗಲ್ಲ. ಅದು ಹೊಸಿಲ ಹೊರಗೆ ನಿಂತು ಒಮ್ಮೆ ಕೆಮ್ಮಿ, ಇಣುಕಿ, ಹಿಂದೆ ಸರಿದು, ಮತ್ತೆ ಇಣುಕಿ, ಮನೆಯ ಹೆಂಗಸರು ಸೆರಗು ಸರಿಮಾಡಿಕೊಂಡ ಮೇಲೆ ಒಳಗೆ ಬರುವ ಸಂಭಾವಿತ ನೆಂಟ. ಆ ಮಿಣುಕಾಟದ ನಡುವೆ ಮನುಷ್ಯನಾದವನು ಸ್ವಿಚ್ಚಿನಿಂದ ಕೈ ತೆಗೆದು, ಎರಡೂ ಕೈ ಜೋಡಿಸಿ, ಕಣ್ಣಿಗೊತ್ತಿಕೊಂಡು, ಬೇಕಿದ್ದರೆ ದೇವರಲ್ಲಿ ಒಂದು ಸಣ್ಣ ಅಹವಾಲನ್ನೂ ಸಲ್ಲಿಸಬಹುದಿತ್ತು. ಈಗ ಬೆಳಕು ಬಂದಾದ ಮೇಲೆ ಕೈ ಮುಗಿಯಬೇಕು, ಉತ್ಸವ ಹೋದ ಮೇಲೆ ಆರತಿ ತಟ್ಟೆ ಹಿಡಿದು ಬೀದಿಗೆ ಬಂದವನ ಹಾಗೆ.

ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಕಹಿಯೇಕೆ ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ. ನಾನು ಏಳನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ನನ್ನ ಬರವಣಿಗೆಯಲ್ಲಿ ಬರುವ ಸಂಸ್ಕೃತದ ಘನ ಪದಗಳೆಲ್ಲ ಹರಿಕಥೆ ಕೇಳಿ, ಬೋಂಡಾ ಕಟ್ಟಿಕೊಟ್ಟ ಪತ್ರಿಕೆಯ ಹಾಳೆ ಓದಿ ಸಂಪಾದಿಸಿದವು. ಅಲ್ಲಲ್ಲಿ ಎಣ್ಣೆಯ ಕಲೆ ಕಂಡರೆ ಕ್ಷಮಿಸಬೇಕು. ಯಲಹಂಕದಿಂದ ಪ್ಯಾಸೆಂಜರ್ ರೈಲಿನಲ್ಲಿ ನೇತಾಡಿಕೊಂಡು ಹೋಗಿ, ಯಶವಂತಪುರದ ಒಂದು ಶೆಡ್ಡಿನಲ್ಲಿ ಕೂತು, ಜೀವಮಾನವಿಡೀ ನಾನು ಮಾಡಿದ್ದು ಒಂದೇ ಕೆಲಸ: ಚೋಕ್ ಸುತ್ತುವುದು. ಟ್ಯೂಬ್‌ಲೈಟಿನ ಪಟ್ಟಿಯೊಳಗೆ ಇಟ್ಟಿಗೆ ಚೂರಿನಂತೆ ಅಡಗಿ ಕೂತು, ಕರೆಂಟು ಮೈಮೇಲೆ ಬಂದವರಂತೆ ಕುಣಿಯದ ಹಾಗೆ ತೋಳು ಹಿಡಿದುಕೊಳ್ಳುವ ವಸ್ತುವೇ ಚೋಕ್. ಕೂದಲೆಳೆಯ ತಾಮ್ರದ ತಂತಿಯನ್ನು ಸುರುಳಿ ಸುತ್ತಿ, ನಡುವೆ ಕಬ್ಬಿಣದ ತಗಡುಗಳನ್ನು ಒತ್ತೊತ್ತಾಗಿ ತುಂಬಿ, ವಾರ್ನಿಷಿನಲ್ಲಿ ಅದ್ದಬೇಕು. ತಗಡು ಸಡಿಲವಾದರೆ ದೀಪ ಗುಂಯ್ ಎನ್ನುತ್ತದೆ. ನನ್ನ ಚೋಕ್ ಗುಂಯ್ ಎನ್ನುತ್ತಿರಲಿಲ್ಲ. ಇದು ಜಂಬ ಎಂದು ನೀವು ಅಂದರೆ, ಹೌದು, ಜಂಬವೇ. ನನ್ನ ಹತ್ತಿರ ಬೇರೆ ಆಸ್ತಿ ಇಲ್ಲ.

ಈ ಉದ್ಯೋಗದ ಮಹಿಮೆಯಿಂದ ನನ್ನ ಹೆಂಡತಿ ಜಯಮ್ಮ ನನಗೆ ಇಟ್ಟ ಬಿರುದು 'ಟ್ಯೂಬ್‌ಲೈಟು'. ಹೇಳಿದ ಮಾತು ತಲೆಗೆ ಹೋಗಿ ಬೆಳಗುವುದಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಎಂಬುದು ಅವಳ ಆರೋಪ. ಎಲ್‌ಇಡಿ ಎಂಬ ಹೆಸರು ಶೆಡ್ಡಿನೊಳಕ್ಕೆ ಮೊದಲ ಸಲ ಬಂದಾಗಲೂ ನನಗೆ ಅದರ ಅರ್ಥ ಹೊಳೆಯಲಿಲ್ಲ. 'ಎಲ್ಲಿಡಿ' ಎಂದು ಕೇಳಿಸಿತು. ಯಾವುದೋ ಸಾಮಾನು ಬಂದಿದೆ, ಎಲ್ಲಿ ಇಡಬೇಕೋ ಕೇಳುತ್ತಿದ್ದಾರೆ ಎಂದುಕೊಂಡು 'ಆ ಮೂಲೇಲಿ ಇಡ್ರೋ' ಎಂದುಬಿಟ್ಟೆ. ಎಲ್ಲರೂ ನಕ್ಕರು. ಆಮೇಲೆ ಮೂಲೆಗೆ ಬಿದ್ದವರು ಯಾರು ಎಂಬುದು ನಿಮಗೆ ಗೊತ್ತೇ ಇದೆ. ಆ ದೀಪಕ್ಕೆ ಚೋಕ್ ಬೇಡ, ಸ್ಟಾರ್ಟರ್ ಬೇಡ, ನಾನಂತೂ ಬೇಡವೇ ಬೇಡ.

ಇಲ್ಲಿ ನಮ್ಮ ಕಡೆಯ ಒಂದು ಮಾತನ್ನು ಹೇಳಲೇಬೇಕು. ನಮ್ಮ ಮನೆಗಳಲ್ಲಿ 'ದೀಪ ಆರಿಸು' ಎನ್ನುವಂತಿಲ್ಲ, ಅದು ಅಮಂಗಳ. 'ದೀಪ ದೊಡ್ಡದು ಮಾಡು' ಎನ್ನಬೇಕು. ದೊಡ್ಡದು ಮಾಡು ಎಂದರೆ ಆರಿಸು ಎಂದೇ ಅರ್ಥ. ಹಾಗೆ ನೋಡಿದರೆ ನಮ್ಮ ಶೆಡ್ಡನ್ನೂ ಒಂದು ದಿನ ದೊಡ್ಡದು ಮಾಡಿದರು. ಯಜಮಾನರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ, ಕಣ್ಣಲ್ಲಿ ನೀರು ತಂದುಕೊಂಡು, ಪ್ರತಿಯೊಬ್ಬರ ಕೈಗೂ ಒಂದು ಸ್ವೀಟ್ ಡಬ್ಬಿ, ಒಂದು ಹೊಸ ಎಲ್‌ಇಡಿ ಬಲ್ಬು ಕೊಟ್ಟು ಕಳಿಸಿದರು. ನಮ್ಮ ಕತ್ತು ಕೊಯ್ದ ಕತ್ತಿಯನ್ನೇ ರಿಬ್ಬನ್ ಕಟ್ಟಿ ಉಡುಗೊರೆ ಕೊಟ್ಟಂತಾಯಿತು. ಸ್ವೀಟನ್ನು ಮನೆಯವರು ತಿಂದರು. ಬಲ್ಬನ್ನು ನಾನು ಡಬ್ಬಿಯಿಂದ ತೆಗೆಯದೆ ಸಜ್ಜದ ಮೇಲೆ, ಹಳೆಯ ಪಾತ್ರೆಗಳ ಹಿಂದಕ್ಕೆ ತಳ್ಳಿದೆ. ಆ ಶೆಡ್ಡಿನ ಜಾಗದಲ್ಲಿ ಈಗ ದೀಪಗಳ ಶೋರೂಮ್ ಇದೆ. ಅಷ್ಟು ಬೆಳಕಿನಲ್ಲಿ ನಮ್ಮ ಜಾಗ ಯಾವುದಿತ್ತು ಎಂದು ಕಣ್ಣು ಕಿರಿದು ಮಾಡಿ ಹುಡುಕಿದೆ, ಕಾಣಲಿಲ್ಲ.

ಶತ್ರುವಿನ ಗುಣವನ್ನೂ ಹೇಳದಿದ್ದರೆ ತಪ್ಪಾದೀತು. ಕರೆಂಟು ಕಡಿಮೆ ಕುಡಿಯುತ್ತದೆ. ಮುಟ್ಟಿದರೆ ಕೈ ಸುಡುವುದಿಲ್ಲ. ಮಳೆಗಾಲದಲ್ಲಿ ಮಿಣುಕಿ ಮಿಣುಕಿ ಪ್ರಾಣ ಬಿಡುವುದಿಲ್ಲ. ಹೆಬ್ಬಾಳದ ಸಿಗ್ನಲ್ಲಿನಲ್ಲಿ ಉರಿಬಿಸಿಲಿನಲ್ಲೂ ಕೆಂಪು ಕೆಂಪಾಗಿಯೇ ಕಾಣುತ್ತದೆ, ನಿಲ್ಲುವ ಮನಸ್ಸಿರುವವರು ನಿಲ್ಲಬಹುದು. ನಮ್ಮ ಬೀದಿಯ ಮೂಲೆಯ ಹೂವಮ್ಮ ಮೊದಲು ಗ್ಯಾಸ್‌ಲೈಟಿನ ಹೊಗೆ ಕುಡಿದು ಕೆಮ್ಮುತ್ತಿದ್ದಳು. ಈಗ ಅಂಗೈಯಷ್ಟು ಚಾರ್ಜರ್ ದೀಪವನ್ನು ಛತ್ರಿಗೆ ಕಟ್ಟಿಕೊಂಡು ಮಲ್ಲಿಗೆ ಕಟ್ಟುತ್ತಾಳೆ. ಇದೆಲ್ಲ ಸರಿ. ಆದರೆ ಸರಿಯಾದದ್ದನ್ನೆಲ್ಲ ಪ್ರೀತಿಸಬೇಕು ಎಂಬ ಕಾನೂನು ಇನ್ನೂ ಬಂದಿಲ್ಲವಲ್ಲ. ಅಳಿಯ ಬಂದು ನಡುಮನೆ, ಅಡುಗೆಮನೆ, ಬಚ್ಚಲಿಗೆಲ್ಲ ಎಲ್‌ಇಡಿ ಹಾಕಿಸಿದ. ಹಿಂದಿನ ರೂಮಿನ ಟ್ಯೂಬ್‌ಲೈಟಿಗೆ ಮಾತ್ರ ನಾನು ಅಡ್ಡ ನಿಂತೆ. ಅದರೊಳಗಿರುವುದು ನನ್ನ ಕೈಯಲ್ಲಿ ಸುತ್ತಿದ ಚೋಕ್. ಅದರ ಎರಡು ತುದಿ ಕಪ್ಪಗಾಗಿದ್ದವು; ಬೆಳಕು ನೀರು ಮಜ್ಜಿಗೆಯಂತಾಗಿತ್ತು. ಆದರೂ ಸಂಜೆ ನಾನು ಕೈ ಮುಗಿಯುತ್ತಿದ್ದದ್ದು ಆ ಒಂದು ದೀಪಕ್ಕೆ.

ಹೀಗೆ ಹುಳಿಯಾಗಿ ಕೂತಿದ್ದವನ ಬದುಕಿನಲ್ಲಿ ಮಗಳು ಸುಮ ನನಗೊಬ್ಬ ಮೊಮ್ಮಗಳನ್ನು ಹೆತ್ತಳು! ಮದುವೆಯಾಗಿ ಎಷ್ಟೋ ಕಾಲ ಕಾದು, ಹರಕೆ ಹೊತ್ತು, ನೆಂಟರ ಕುಹಕದ ಮಾತು ನುಂಗಿ, ಇನ್ನು ಆಗಲಿಕ್ಕಿಲ್ಲ ಎಂದು ಎಲ್ಲರೂ ಮೌನವಾದ ಮೇಲೆ ಬಂದ ಕೂಸು. ನಾನು ಯಲಹಂಕದ ಆಟೋ ಸ್ಟ್ಯಾಂಡಿನಲ್ಲಿ ಮೈಸೂರು ಪಾಕು ಹಂಚಿದೆ. ಬಸ್ಸಿನ ಕಂಡಕ್ಟರಿಗೆ ಹೇಳಿದೆ. ದಾರಿ ಕೇಳಿದ ಅಪರಿಚಿತನಿಗೂ ಮೊದಲು ಮೊಮ್ಮಗಳ ವಿಷಯ ಹೇಳಿ, ಆಮೇಲೆ ದಾರಿ ತಪ್ಪಿಸಿ ಕಳಿಸಿದೆ.

ಆಸ್ಪತ್ರೆಯಿಂದ ತಾಯಿ ಮಗುವನ್ನು ಕರೆತಂದು ಹಿಂದಿನ ರೂಮಿನಲ್ಲೇ ಬಾಣಂತನಕ್ಕೆ ಮಲಗಿಸಿದೆವು. ನನ್ನ ಟ್ಯೂಬ್‌ಲೈಟಿನ ಕೆಳಗೆ ಮಗು ಹೊಳೆಯುತ್ತಿತ್ತು.

"ನೋಡ್ರೀ, ಏನ್ ಬಣ್ಣ ಇವಳ್ದು! ಬಂಗಾರ ಕಣ್ರೀ ಬಂಗಾರ," ಎಂದಳು ಜಯಮ್ಮ.

"ನಮ್ಮ ವಂಶದಲ್ಲಿ ಎಲ್ರೂ ಕರ್ರಗೆ, ಇದೆಲ್ಲಿಂದ ಬಂತೇ ಬಂಗಾರ?"

"ನಿಮ್ಮ ವಂಶಕ್ಕೆ ಇದುವರ್ಗೂ ಬಂದಿರ್ಲಿಲ್ಲ, ಈಗ ಬಂತು. ಸುಮ್ನೆ ದೃಷ್ಟಿ ತೆಗೀರಿ."

ದೃಷ್ಟಿ ತೆಗೆದೆ. ಬೀದಿಯಲ್ಲೆಲ್ಲ 'ಬಂಗಾರದ ಬಣ್ಣ ಕಣ್ರೀ' ಎಂದು ಸಾರಿಕೊಂಡು ಬಂದೆ. ತಪಾಸಣೆಗೆಂದು ಸಹಕಾರನಗರದ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದಾಗ, ಡಾಕ್ಟರಮ್ಮ ಮಗುವನ್ನು ಕಿಟಕಿಯ ಬಿಸಿಲಿಗೆ ಹಿಡಿದು ನೋಡಿದರು, ರಕ್ತ ತೆಗೆಸಿದರು, ವರದಿ ಬಂದ ಮೇಲೆ ನಮ್ಮನ್ನು ಕೂರಿಸಿದರು.

"ಇದು ಕಾಮಾಲೆ. ಜಾಸ್ತೀನೇ ಇದೆ. ನೀಲಿ ಲೈಟ್ ಕೆಳಗೆ ಮಲಗಿಸ್ತೀವಿ. ನಾಳೆ ಹೊತ್ತಿಗೆ ಇಳೀಲಿಲ್ಲ ಅಂದ್ರೆ ದೊಡ್ಡ ಆಸ್ಪತ್ರೆಗೆ ಕಳ್ಸಿ ಮಗು ರಕ್ತ ಬದಲಾಯಿಸ್ಬೇಕಾಗತ್ತೆ. ಮಿದುಳಿಗೆ ಏರೋಕೆ ಬಿಡಬಾರ್ದು."

"ನಮ್ ಕಾಲದಲ್ಲಿ ಎಳೆ ಬಿಸಿಲಿಗೆ ಹಿಡಿದ್ರೆ ಹೋಗ್ತಿತ್ತಲ್ಲ ಡಾಕ್ಟ್ರೇ?" ಎಂದಳು ಜಯಮ್ಮ, ಅರ್ಧ ಉಸಿರಿನಲ್ಲಿ.

"ಇಷ್ಟಕ್ಕೆ ಬಿಸಿಲು ಸಾಲಲ್ಲಮ್ಮ."

ನನ್ನ ಬಂಗಾರದ ಅಂಗಡಿ ಅಲ್ಲಿಗೆ ಮುಚ್ಚಿತು. ಅಂಗೈ ಮೇಲೆ ಹಿಡಿಯಬಹುದಾದ ಜೀವವನ್ನು ಬಟ್ಟೆ ಬಿಚ್ಚಿ, ಕಣ್ಣಿಗೆ ಪಟ್ಟಿ ಕಟ್ಟಿ, ಸುಮಳ ಮಂಚದ ಪಕ್ಕದಲ್ಲೇ ಒಂದು ತೊಟ್ಟಿಲಂಥ ಪೆಟ್ಟಿಗೆಯಲ್ಲಿ ಮಲಗಿಸಿದರು. ಮೇಲೊಂದು ದೀಪ. ನೀಲಿ, ಅಂಥ ನೀಲಿಯನ್ನು ನಾನು ಯಾವ ಹಬ್ಬದ ಸೀರಿಯಲ್ ಸೆಟ್ಟಿನಲ್ಲೂ ಕಂಡಿಲ್ಲ. ಆ ನೀಲಿಯಲ್ಲಿ ಮಗು ಹಳದಿಯೋ ಅಲ್ಲವೋ ತಿಳಿಯುವುದಿಲ್ಲ. ಯಾವ ದೀಪ ಎಂದು ನಾನು ಕೇಳಬೇಕಾಗಿರಲಿಲ್ಲ. ಸ್ವಿಚ್ ಹಾಕಿದ ಕೂಡಲೇ ಮಿಣುಕದೆ ಬಂತಲ್ಲ, ಗೊತ್ತಾಯಿತು. ನನ್ನ ಅನ್ನ ಕಸಿದವನ ಕೈಗೇ ನನ್ನ ಮೊಮ್ಮಗಳನ್ನು ಒಪ್ಪಿಸಿ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆನ್ನು ತಿರುಗಿಸಿ ಕೂತೆ.

ಜಯಮ್ಮನಿಗೆ ಅದನ್ನು ನೋಡಲಾಗಲಿಲ್ಲ. ಕಣ್ಣು ಕಟ್ಟಿಸಿಕೊಂಡ ಕೂಸು ಕೈಯಾಡಿಸಿ ಏನನ್ನೋ ಹುಡುಕುತ್ತಿತ್ತು. ಸುಮ ನಿದ್ದೆ ಹೋಗಿದ್ದಳು. ವಿಜಯಪುರದ ಕಡೆಯ ನರ್ಸ್ ಹುಡುಗಿ ಒಳಗೆ ಬಂದದ್ದೇ ತಡ, ಜಯಮ್ಮ ಅವಳ ಕೈ ಹಿಡಿದುಕೊಂಡಳು. "ಸಾಕು ಕಣಮ್ಮ, ಕೂಸು ತಡ್ಕೊಳಲ್ಲ. ನಿನ್ ಕಾಲಿಗ್ ಬೀಳ್ತೀನಿ, ಆ ದೀಪ ದೊಡ್ಡದು ಮಾಡ್ಬಿಡು."

"ಆತ್ ಬಿಡ್ರಿ ಅಮ್ಮಾರ, ಅದಕ್ಕ ಯಾಕ ಕಾಲಿಗೆ ಬೀಳ್ತೀರಿ? ಡಾಕ್ಟರೂ ಅದನ್ನ ಹೇಳ್ಯಾರ," ಎಂದು ನರ್ಸ್ ಹೊರಗೆ ಹೋದಳು. ಜಯಮ್ಮ ನನ್ನತ್ತ ತಿರುಗಿ, ನೋಡಿದ್ರಾ ನನ್ನ ಮಾತಿಗೆ ಎಷ್ಟು ಬೆಲೆ ಎಂಬಂತೆ ಕಣ್ಣೊರೆಸಿಕೊಂಡಳು. ನರ್ಸ್ ಗಾಲಿ ಇರುವ ಇನ್ನೊಂದು ಸ್ಟ್ಯಾಂಡನ್ನು ತಳ್ಳಿಕೊಂಡು ಬಂದು, ಮಗುವಿನ ಇನ್ನೊಂದು ಬದಿಗೆ ನಿಲ್ಲಿಸಿ, ಎರಡನೆಯ ನೀಲಿ ದೀಪವನ್ನೂ ಹಚ್ಚಿದಳು.

"ಅಯ್ಯೋ! ಏನ್ ಮಾಡ್ದೆ ತಾಯಿ?"

"ನೀವ ಹೇಳಿದ್ರಲ್ರಿ ದೊಡ್ಡದು ಮಾಡು ಅಂತ! ಒಂದ ದೀಪ ಸಾಲೂದಿಲ್ಲ, ಎರಡು ಹಚ್ಚು ಅಂದಿದ್ರು ಡಾಕ್ಟರು. ಇನ್ನೊಂದು ಖಾಲಿ ಇರ್ಲಿಲ್ಲ, ಈಗ ಸಿಕ್ತು."

ಜಯಮ್ಮ ಬಾಯಿ ತೆರೆದಳು. ಆರಿಸು ಎಂದು ಹೇಳಿದರೆ ಸರಿಹೋಗುತ್ತಿತ್ತು. ಆದರೆ ಆ ಮಗುವಿನ ಮುಂದೆ ನಿಂತು ಆ ಪದವನ್ನು ಬಾಯಲ್ಲಿ ತರಲು ಅವಳಿಗೆ ಧೈರ್ಯವಾಗಲಿಲ್ಲ. ತೆರೆದ ಬಾಯಿಯನ್ನು ಸೆರಗಿನಿಂದ ಮುಚ್ಚಿಕೊಂಡು ಕೂತುಬಿಟ್ಟಳು. ದೀಪ ಎರಡೂ ಉರಿದವು.

ನಾನು ತಡೆಯಲಾರದೆ ನರ್ಸನ್ನು ಕೇಳಿದೆ: "ಮಗು ಸುಡಲ್ವೇನಮ್ಮ?"

"ಇಲ್ರೀ ಅಜ್ಜಾರ. ಮೊದಲ ಇದಕ್ಕೂ ಟ್ಯೂಬ್‌ಲೈಟ ಇರ್ತಿದ್ವಂತ. ಭಾಳ ಕಾವು, ಮಕ್ಕಳ ಮೈಯಾಗಿನ ನೀರು ಆರಿಹೋಗ್ತಿತ್ತಂತ. ಈಗಿನವು ತಣ್ಣಗ ಅದಾವ, ಕೈ ಇಟ್ಟು ನೋಡ್ರಿ."

ಕೈ ಇಟ್ಟು ನೋಡಲಿಲ್ಲ. ಆದರೆ ಅವಳು ಹೋದ ಮೇಲೆ ನನ್ನ ಮನಸ್ಸು ಹೋಗಿ ನಿಂತದ್ದು ಆ ಹಳೆಯ ಟ್ಯೂಬ್‌ಲೈಟುಗಳ ಹತ್ತಿರ. ಟ್ಯೂಬ್‌ಲೈಟು ಎಂದ ಮೇಲೆ ಚೋಕ್ ಇರಲೇಬೇಕು. ನಾನು ಸುತ್ತಿದ್ದೊಂದು ಯಾವುದೋ ಆಸ್ಪತ್ರೆಯಲ್ಲಿ, ಯಾವುದೋ ಹಳದಿ ಕೂಸಿನ ತಲೆಯ ಮೇಲೆ, ಗುಂಯ್ ಎನ್ನದೆ ನಿಂತಿದ್ದಿರಬಹುದು. ಇರದೆಯೂ ಇರಬಹುದು. ಇಷ್ಟು ವರ್ಷ ತಂತಿ ಸುತ್ತಿದವನಿಗೆ ಅದು ಎಲ್ಲಿ ಹೋಗಿ ಉರಿಯುತ್ತದೆ ಎಂದು ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮರುದಿನ ರಕ್ತದ ವರದಿ ಬಂತು. ಇಳಿದಿತ್ತು. ರಕ್ತ ಬದಲಾಯಿಸುವುದು ಬೇಡ ಎಂದರು. ನಾನು ಡಾಕ್ಟರಮ್ಮನಿಗೆ ಕೈ ಮುಗಿದೆ, ನರ್ಸಿಗೆ ಮುಗಿದೆ, ನೆಲ ಒರೆಸುತ್ತಿದ್ದ ಆಯಾಗೆ ಮುಗಿದೆ, ಬಾಗಿಲಲ್ಲಿದ್ದ ವಾಚ್‌ಮನ್ನಿಗೂ ಮುಗಿದೆ. ಅವನು ಗಾಬರಿಯಾಗಿ ಸಲ್ಯೂಟ್ ಹೊಡೆದ. ಆ ದೀಪಕ್ಕೆ ಮಾತ್ರ ಮುಗಿಯಲಿಲ್ಲ. ಸೋತವನಿಗೂ ಒಂದು ಮರ್ಯಾದೆ ಇರುತ್ತದೆ.

ಮನೆಗೆ ಕಳಿಸುವಾಗ ಡಾಕ್ಟರಮ್ಮ ಎಚ್ಚರಿಸಿದ್ದರು: ಮತ್ತೆ ಏರಬಹುದು, ದಿನವೂ ಒಳ್ಳೆಯ ಬೆಳಕಿನಲ್ಲಿ ಮಗುವಿನ ಮೂಗಿನ ತುದಿಯನ್ನು ಮೆಲ್ಲಗೆ ಒತ್ತಿ, ಬೆರಳು ತೆಗೆದು ನೋಡಿ, ಹಳದಿ ಕಂಡರೆ ಕೂಡಲೇ ಬನ್ನಿ. ಒಳ್ಳೆಯ ಬೆಳಕು! ನಮ್ಮ ಹಿಂದಿನ ರೂಮಿನ ಕಿಟಕಿಗೆ ಮೊದಲು ಬಿಸಿಲು ಬರುತ್ತಿತ್ತು. ಈಗ ಅಪಾರ್ಟ್‌ಮೆಂಟಿನ ಗೋಡೆ ಬಂದಿದೆ. ಎಲ್‌ಇಡಿ ಇರುವ ನಡುಮನೆಗೆ ತರೋಣವೆಂದರೆ, ಹೊತ್ತು ಇಳಿದ ಮೇಲೆ ಕೂಸನ್ನು ಬಾಣಂತಿ ಕೋಣೆಯ ಹೊಸಿಲು ದಾಟಿಸಕೂಡದೆಂದು ಜಯಮ್ಮನ ಕಟ್ಟಪ್ಪಣೆ. ಮನೆಗೆ ಬಂದ ದಿನ ಸಂಜೆಯೇ ಮಗು ಹಾಲು ಕುಡಿಯದೆ ಮಂಕಾಗಿ ಮಲಗಿತು. ಸುಮ ಅದನ್ನು ನನ್ನ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಮೂಗು ಒತ್ತಿದಳು.

"ಅಪ್ಪಾ, ನೀನ್ ನೋಡು. ಹಳದಿ ಇದ್ಯಾ?"

ನೋಡಿದೆ. ಹಳದಿಯಂತೆ ಕಂಡಿತು. ನನ್ನ ಕೈಯನ್ನು ಪಕ್ಕದಲ್ಲಿ ಹಿಡಿದು ನೋಡಿದೆ. ಅದೂ ಹಳದಿಯಂತೆ ಕಂಡಿತು. ಸುಮಳ ಮುಖವೂ, ಗೋಡೆಯೂ, ಹಾಸಿಗೆಯ ಬಿಳಿ ಬಟ್ಟೆಯೂ ಹಾಗೆಯೇ ಕಂಡವು.

"ಹೇಳಪ್ಪಾ, ಇದ್ಯಾ ಇಲ್ವಾ?"

"ಗೊತ್ತಾಗ್ತಿಲ್ಲ ಮಗಳೇ."

ಆ ಮಾತು ಹೇಳಿದ ಮೇಲೆ ನಾನು ಆ ಟ್ಯೂಬ್‌ಲೈಟಿನ ಮುಖ ನೋಡಲಿಲ್ಲ. ಸ್ಟೂಲ್ ಎಳೆದುಕೊಂಡು ಸಜ್ಜ ಹತ್ತಿದೆ. ಪಾತ್ರೆಗಳು ದಡಬಡ ಉರುಳಿದವು. ಕೆಳಗಿನಿಂದ ಜಯಮ್ಮ "ಈಗ ಏನ್ ಹುಡುಕ್ತಿದೀರಿ, ಸೊಂಟ ಮುರ್ಕೊಳ್ತೀರಿ" ಎಂದು ಕೂಗಿದಳು. ಧೂಳು ಹಿಡಿದ ಡಬ್ಬಿ ಸಿಕ್ಕಿತು. ರೂಮಿನ ಬಾಗಿಲ ಮೇಲೆ ಹಿಂದೆ ಝೀರೋ ಬಲ್ಬು ಇದ್ದ ಹೋಲ್ಡರ್ ಖಾಲಿ ಇತ್ತು. ಅದಕ್ಕೆ ಯಜಮಾನರ ಉಡುಗೊರೆಯನ್ನು ಸಿಕ್ಕಿಸಿದೆ. ಕೆಳಗಿಳಿದು, ಟ್ಯೂಬ್‌ಲೈಟನ್ನು ನಾನೇ ದೊಡ್ಡದು ಮಾಡಿದೆ. ರೂಮು ಕತ್ತಲಾಯಿತು.

"ನೀನ್ ಲೈಟ್ ಹಾಕು, ಮಗೂನ ನನ್ ಕೈಗೆ ಕೊಡು," ಎಂದೆ ಸುಮಳಿಗೆ. ಅವಳು ಕೂಸನ್ನು ನನ್ನ ಎರಡೂ ತೋಳಿನ ಮೇಲಿಟ್ಟು ಸ್ವಿಚ್ ಒತ್ತಿದಳು.

ಕೆಮ್ಮಲಿಲ್ಲ, ಇಣುಕಲಿಲ್ಲ. ಬಂದುಬಿಟ್ಟಿತು. ಬಿಳಿ ಬಟ್ಟೆ ಬಿಳಿಯಾಯಿತು. ಗೋಡೆ ಗೋಡೆಯ ಬಣ್ಣವಾಯಿತು. ಜಯಮ್ಮ ಬಗ್ಗಿ, ಬೆರಳ ತುದಿಯಿಂದ ಮೂಗನ್ನು ಒತ್ತಿ ತೆಗೆದಳು. ಒಮ್ಮೆ ನೋಡಿದಳು. ಇನ್ನೊಮ್ಮೆ ಒತ್ತಿ ನೋಡಿದಳು. ಮಗುವಿಗೆ ಕೋಪ ಬಂದು, ಮುಖ ಕಿವುಚಿ, ನನ್ನ ವಂಶದ ಅಪ್ಪಟ ಕಪ್ಪುಗೆಂಪಿನಲ್ಲಿ ಕಿಟಾರನೆ ಕಿರುಚಿತು.

"ಬಂಗಾರ ಎಲ್ಲಾ ಇಳಿದ್ಹೋಯ್ತು ಕಣ್ರೀ," ಎಂದಳು ಜಯಮ್ಮ, ನಗುತ್ತಲೋ ಅಳುತ್ತಲೋ. ಆಮೇಲೆ ಬಲ್ಬಿನ ಕಡೆ ತಿರುಗಿ ಕೈ ಜೋಡಿಸಿ ಕಣ್ಣಿಗೊತ್ತಿಕೊಂಡು, ನನ್ನನ್ನು ಮೊಣಕೈಯಿಂದ ತಿವಿದಳು. "ಏನ್ರೀ ಟ್ಯೂಬ್‌ಲೈಟು, ಇನ್ನೂ ಹತ್ಲಿಲ್ವಾ? ದೀಪ ಬಂದಿದೆ, ಕೈ ಮುಗೀರಿ."

"ಮುಗೀತೀನಿ ಮಾರಾಯ್ತಿ," ಎಂದೆ. "ಮಗೂನ ಎಲ್ಲಿಡ್ಲಿ?"