ಎಲ್ಲವೂ ಹೆಣ್ಣಾದ ಬೆಳಿಗ್ಗೆ

"ಹೆಣ್ಣು. ಹೆಣ್ಣು. ಗಂಡು." ಹೆಬ್ಬೆರಳು ಕೋಳಿಮರಿಯ ರೆಕ್ಕೆ ಬಿಡಿಸುತ್ತದೆ, ಕಣ್ಣು ನೋಡುತ್ತದೆ, ಕೈ ದಾಟಿಸುತ್ತದೆ. ಗರಿಗಳು ಉದ್ದ-ಗಿಡ್ಡ ಇದ್ದರೆ ಹೆಣ್ಣು, ಹಳದಿ ಟ್ರೇಗೆ. ಸಮವಾಗಿದ್ದರೆ ಗಂಡು, ನೀಲಿ ಡಬ್ಬಕ್ಕೆ. ಮೊಟ್ಟೆಯಿಡದ ಗಂಡಿಗೆ ಆ ಡಬ್ಬದಾಚೆ ಬದುಕಿಲ್ಲ.

ಇನ್ನೂ ಬೆಳಕು ಹರಿದಿಲ್ಲ. ತೆಲುಗು ಸೀಮೆಯ ಜೀಡಿಮೆಟ್ಲಾದಾಚೆ, ಮೊಟ್ಟೆಯಿಂದ ಮರಿ ಮಾಡಿಸುವ ಈ ಹ್ಯಾಚರಿಯಲ್ಲಿ ಯಾದಗಿರಿ ಕಡೆಯ ಬಂಡೆಮ್ಮ ಗಂಟೆಗೆ ಎರಡು ಸಾವಿರ ಮರಿ ನೋಡುತ್ತಾರೆ. ಹದಿನಾಲ್ಕು ವರ್ಷವಾಯಿತು. ಮರಿಗಳ ಧೂಳು ಕೆಮ್ಮಾಗಿ ಎದೆಯಲ್ಲಿ ಕೂತಿದೆ. ಹೆಣ್ಣುಮಕ್ಕಳಿಬ್ಬರ ಓದು ಈ ಕೆಲಸದಲ್ಲೇ ನಡೆದಿದೆ.

ಎರಡೂ ಹೆಣ್ಣೆಂದು ಅತ್ತೆ ಅವರನ್ನು ಮನೆಯಿಂದ ಹೊರಹಾಕಿದ್ದಳು. ಗಂಡು-ಹೆಣ್ಣು ಆಗುವ ಲೆಕ್ಕಾಚಾರ ತಿಳಿದದ್ದು ಇಲ್ಲಿಗೆ ಬರುವ ಪಶುವೈದ್ಯರಿಂದ. "ಕೋಳ್ಯಾಗ ಗಂಡೋ ಹೆಣ್ಣೋ ಅನ್ನೂದು ತಾಯಿ ತತ್ತಿ ಮ್ಯಾಲ ಐತಂತ್ರಿ," ಎನ್ನುತ್ತಾರೆ ಬಂಡೆಮ್ಮ. "ಮನಷ್ಯಾರಾಗ ಗಂಡಸಿನ ಮ್ಯಾಲ. ಹೊಟ್ಟ್ಯಾಗಿಂದ ಬೆಂಕಿ ಬಂತು ನೋಡ್ರಿ. ಮಗನ್ನ ಬಿಟ್ಟು ನನ್ನ ಹೊರಗ ಹಾಕಿದ್ಲಲ್ಲ!"

ರೆಕ್ಕೆಯ ಗುರುತೂ ತಾಯಿಯದೇ. ತಡವಾಗಿ ಗರಿ ಮೂಡುವ ಹೇಂಟೆ ಆ ಗುಣವನ್ನು ಗಂಡುಮರಿಗಳಿಗಷ್ಟೇ ದಾಟಿಸುತ್ತದೆ. ಬೇಗ ಗರಿ ಮೂಡುವ ಬೇರೆ ತಳಿಯ ಹೇಂಟೆ ಬಂದರೆ ಗಂಡುಮರಿಯ ರೆಕ್ಕೆಯೂ ಹೆಣ್ಣಿನಂತೆಯೇ ಕಾಣುತ್ತದೆ, ನೋಡಿ ಪ್ರಯೋಜನವಿಲ್ಲ.

ಎರಡು ತಿಂಗಳ ಹಿಂದೆ ಅದೇ ಆಯಿತು. ಟ್ರೇ ಮೇಲೆ ಟ್ರೇ, ಬರೀ ಹೆಣ್ಣು. ಬಂಡೆಮ್ಮ ಕೈ ನಿಲ್ಲಿಸಿದರು. "ಸಾಹೇಬ್ರ, ಅರ್ಧಕ್ಕರ್ಧ ಗಂಡು ಇರಬೇಕಿತ್ತು. ತಾಯಿಕೋಳಿ ಬದಲಾಗ್ಯಾವ, ಶೆಡ್ಡಿಗಿ ಹೋಗಿ ನೋಡ್ರಿ."

ಬದಲಿಸಿದ್ದು ಸೂಪರ್‌ವೈಸರ್ ಶಾಂತಕುಮಾರನೇ. ಅವನು ನಕ್ಕುಬಿಟ್ಟ. "ಎಲ್ಲಾ ಹೆಣ್ಣಾದ್ರ ನಿನಗೇನು ಹೊಟ್ಟಿಉರಿ? ಡಾಕ್ಟರ್ ಆಗೀಯೇನು? ಪ್ಯಾಕ್ ಮಾಡ ಬೇ."

ಈಗ ಮರಿ ಕೊಂಡವರ ಶೆಡ್ಡುಗಳಲ್ಲಿ ಅರ್ಧಕ್ಕರ್ಧ ಹುಂಜಗಳೇ; ಜುಟ್ಟು ಕೆಂಪೇರಿ ಕೂಗತೊಡಗಿವೆ. ಮಾಲೀಕರು ತಪ್ಪು ಯಾರದೆಂದು ಕೇಳಿದ್ದಾರೆ. ಶಾಂತಕುಮಾರ ಟೈಪು ಮಾಡಿದ ಕಾಗದ ಹಿಡಿದು ಬಂದು ನಿಂತಿದ್ದಾನೆ.

"ಏನು ಬರದೀರಿ, ಓದ್ರಿ."

"ನಿನ್ನ ಕಣ್ಣು ಮಂಜಾಗಿ ತಪ್ಪಾತು ಅಂತ. ಅಷ್ಟ. ಸಹಿ ಮಾಡು, ನಾಳಿಂದ ನೀನ ಲೀಡರ್. ಕುರ್ಚಿ ಮ್ಯಾಲ ಕುಂತು ಉಳದವರನ್ನ ನೋಡ್ಕೊಂಡಿರು. ಇಲ್ಲಾಂದ್ರ ಗೇಟ್ ಅಲ್ಲೈತಿ."

ಸಾಲಿನ ಹೆಂಗಸರ ಕೈಗಳೆಲ್ಲ ನಿಂತಿವೆ. ಬಂಡೆಮ್ಮ ಕಾಗದದ ಕಡೆ ನೋಡುವುದಿಲ್ಲ. ಇನ್ನೊಂದು ಮರಿಯನ್ನೆತ್ತಿ ರೆಕ್ಕೆ ಬಿಡಿಸುತ್ತಾರೆ.

"ಇನ್ನೊಬ್ಬರ ತಪ್ಪು ಒಮ್ಮೆ ಹೊತ್ತು ಮನಿ ಬಿಟ್ಟೀನ್ರಿ." ಗರಿಗಳು ಸಮವಾಗಿವೆ. "ಗಂಡು," ಎಂದು ಮರಿಯನ್ನು ನೀಲಿ ಡಬ್ಬಕ್ಕೆ ದಾಟಿಸುತ್ತಾರೆ. "ಸಹಿ ಮಾಡೂದಿಲ್ಲ."